ಕಡುಬಿನ ಹಬೆಯಲ್ಲಿ ಹೊರಟ ಎಣ್ಣೆ

ನಾಗರಪಂಚಮಿಯ ಬೆಳಿಗ್ಗೆ ವರದಹಳ್ಳಿಯ ಆಸುಪಾಸಿನಲ್ಲಿ ನಡೆದು ಹೋದರೆ ಅರಿಶಿನ ಎಲೆಯ ಕಡುಬು ಬೇಯುವ ಘಮ ರಸ್ತೆಗೇ ಬಂದು ಕಾಲು ಹಿಡಿಯುತ್ತದೆ. ಪಾತ್ರೆಯ ತಳದಲ್ಲಿ ನೀರು ಕುದಿಯುತ್ತಿದೆ, ಮೇಲೆ ಎಲೆಯಲ್ಲಿ ಸುತ್ತಿದ ಹಿಟ್ಟು, ನಡುವೆ ಹಬೆ. ಇಷ್ಟೇ. ಆದರೆ ಎಲೆ ಬಿಡಿಸಿ ಕಡುಬು ಮುರಿದಾಗ ಒಳಗಿನ ಬೆಲ್ಲ-ಕಾಯಿಯವರೆಗೂ ಆ ಕಂಪು ಇಳಿದಿರುತ್ತದೆ. ಎಲೆಯಿಂದ ಹಿಟ್ಟಿಗೆ ದಾಟಿದ್ದು ಏನು? ಯಾರೂ ಹಿಂಡಲಿಲ್ಲ, ಅರೆಯಲಿಲ್ಲ, ಹುರಿಯಲಿಲ್ಲ.

ದಾಟಿದ್ದು ಎಣ್ಣೆ! ಅರಿಶಿನದ ಎಲೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಲ್ಲಿ ಕೂತಿದ್ದ ಸುಗಂಧ ತೈಲ. ಪಟ್ಟಣದ ಅಂಗಡಿಗಳಲ್ಲಿ ಕಂದು ಬಣ್ಣದ ಪುಟ್ಟ ಶೀಷೆಗಳಲ್ಲಿ ‘ಎಸೆನ್ಶಿಯಲ್ ಆಯಿಲ್’ ಎಂದು ಮಾರುತ್ತಾರಲ್ಲ, ಅದೇ ಜಾತಿಯದು. ಆ ಶೀಷೆಗಳನ್ನು ತುಂಬುವ ಕಾರ್ಖಾನೆಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ ಕೆಲಸ: ತಳದಲ್ಲಿ ನೀರು, ಮೇಲೆ ಸೊಪ್ಪು, ನಡುವೆ ಹಬೆ. ಅಲ್ಲಿ ಹಬೆಯನ್ನು ಕೊಳವೆಯಲ್ಲಿ ಹಿಡಿದು ತಣಿಸುತ್ತಾರೆ, ಇಲ್ಲಿ ಹಿಟ್ಟು ಹಿಡಿದುಕೊಳ್ಳುತ್ತದೆ. ಇದು ತಲೆಗೆ ಹೊಳೆದ ದಿನದಿಂದ ನನಗೆ ಮಲೆನಾಡಿನ ಅಡುಗೆಮನೆ, ಅಂಗಳ, ದೇವರ ಕೋಣೆ ಯಾವುದೂ ಮೊದಲಿನಂತೆ ಕಾಣುತ್ತಿಲ್ಲ.

ಇನ್ನೂ ಸೋಜಿಗದ್ದು ಒಂದಿದೆ. ಅರಿಶಿನ ಎಲೆಯ ತೈಲದಲ್ಲಿ ಹೇರಳವಾಗಿರುವ ಫೆಲ್ಲಾಂಡ್ರೀನ್ ಎಂಬ ವಸ್ತು ಒಂಟಿಯಾಗಿ ಕುದಿಯಲು ಸುಮಾರು 170 ಡಿಗ್ರಿ ಬೇಕು. ಲವಂಗದ ಘಮಕ್ಕೆ ಕಾರಣವಾದ ಯೂಜಿನಾಲ್ 250 ಡಿಗ್ರಿ ದಾಟಬೇಕು. ಶ್ರೀಗಂಧದ ಸ್ಯಾಂಟಲಾಲ್‌ಗೆ ಸುಮಾರು 300! ಕಡುಬಿನ ಪಾತ್ರೆಯೊಳಗಿನ ಹಬೆಯೋ ನೂರನ್ನು ಮೀರುವುದಿಲ್ಲ. ಹಾಗಾದರೆ ಎಣ್ಣೆ ಮೇಲೆದ್ದದ್ದು ಹೇಗೆ? ಎಣ್ಣೆ ಮತ್ತು ನೀರು ಒಂದಕ್ಕೊಂದು ಬೆರೆಯುವುದಿಲ್ಲ ಎಂಬುದರಲ್ಲೇ ಇದರ ಗುಟ್ಟಿದೆ. ಬೆರೆಯದ ಎರಡು ದ್ರವಗಳನ್ನು ಒಟ್ಟಿಗೆ ಕಾಯಿಸಿದರೆ ಪ್ರತಿಯೊಂದೂ ತನ್ನ ಪಾಡಿಗೆ ತಾನು ಆವಿಯನ್ನು ಮೇಲೆ ತಳ್ಳುತ್ತದೆ. ಎರಡರ ಒತ್ತಡವೂ ಕೂಡಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದ ಗಳಿಗೆಯಲ್ಲಿ ಇಡೀ ಮಿಶ್ರಣ ಕುದಿಯತೊಡಗುತ್ತದೆ, ಅದೂ ನೂರು ಡಿಗ್ರಿಗಿಂತ ಕೊಂಚ ಕೆಳಗೇ. ಮುನ್ನೂರರ ಬೆಂಕಿ ಬೇಡುವ ಗಂಧದೆಣ್ಣೆ ಕುದಿನೀರಿನ ಹಬೆಯ ಹೆಗಲೇರಿ ಸುಡದೆ, ಕರಗದೆ, ಕೆಡದೆ ಹೊರಗೆ ಬಂದುಬಿಡುತ್ತದೆ!

ವರದಹಳ್ಳಿ ಸಾಗರ ಪಟ್ಟಣಕ್ಕೆ ಹತ್ತಿರ. ಶ್ರೀಧರ ಸ್ವಾಮಿಗಳ ಆಶ್ರಮ, ಕಲ್ಲಿನಿಂದ ಸದಾ ಸುರಿಯುವ ಶ್ರೀಧರ ತೀರ್ಥ, ದುರ್ಗಾಂಬೆಯ ಗುಡಿ, ಸುತ್ತ ಕಾಡು ಮತ್ತು ತೋಟ. ಹತ್ತಿರದಲ್ಲೇ ವರದಾ ನದಿ ಹುಟ್ಟುವ ವರದಾಮೂಲ. ಇಲ್ಲಿಗೆ ಬರುವವರು ಭಕ್ತಿಗೆ ಬರುತ್ತಾರೆ. ಬಂದವರ ಮೂಗು ಮಾತ್ರ ತನಗರಿವಿಲ್ಲದೆಯೇ ಒಂದು ದೊಡ್ಡ ಪ್ರಯೋಗಶಾಲೆಯನ್ನು ಸುತ್ತಿ ಹೋಗುತ್ತದೆ. ಈ ಸೀಮೆಯ ಯಾವುದೇ ಗುಡಿಯಲ್ಲಿ ಅಂಗೈಗೆ ಬೀಳುವ ತೀರ್ಥವನ್ನು ನೆನೆಸಿಕೊಳ್ಳಿ: ತುಳಸಿ, ಒಮ್ಮೊಮ್ಮೆ ಏಲಕ್ಕಿ, ಪಚ್ಚೆಕರ್ಪೂರ. ಮೂರೂ ಸುಗಂಧ ತೈಲದ ಮನೆತನದವು. ಆರತಿಯ ಕರ್ಪೂರ ಅಂಥ ತೈಲವೊಂದರ ಗಟ್ಟಿ ರೂಪವೇ. ಇಂದು ಪೂಜೆಗೆ ಉರಿಯುವ ಕರ್ಪೂರದ ಬಹುಪಾಲು ಪೈನ್ ಮರದ ರಾಳದಿಂದ ಬಂದ ಟರ್ಪೆಂಟೈನ್‌ನಿಂದ ತಯಾರಾಗುತ್ತದೆ. ಹಣೆಗೆ ಹಚ್ಚಿದ ಗಂಧ ಸಂಜೆಯವರೆಗೂ ಕಂಪು ಬಿಡುವುದು ಏಕೆ ಗೊತ್ತೇ? ಸ್ಯಾಂಟಲಾಲ್ ಭಾರದ ಅಣು, ಹಾರಿಹೋಗಲು ಅವಸರಪಡುವುದಿಲ್ಲ. ನಿಂಬೆಯ ಸಿಪ್ಪೆಯ ಲಿಮೊನೀನ್ ಹಗುರ, ಮೂಗಿಗೆ ಬಡಿದು ಮರುಕ್ಷಣ ಮಾಯ.

ಪೂಜೆಯ ಬಿಲ್ವಪತ್ರೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿ. ದಯವಿಟ್ಟು ನೋಡಿ! ಎಲೆಯ ತುಂಬ ಸೂಜಿಮೊನೆ ಚುಚ್ಚಿದಂಥ ಬೆಳಕಿನ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ತೈಲಗ್ರಂಥಿ. ನಿಂಬೆ, ಗಜನಿಂಬೆ, ಹೇರಳೆ, ಕರಿಬೇವಿನ ಎಲೆಗಳಲ್ಲೂ ಅದೇ ಚುಕ್ಕೆಗಳಿವೆ, ಏಕೆಂದರೆ ಇವೆಲ್ಲವೂ ಬಿಲ್ವದ ದಾಯಾದಿಗಳು, ಒಂದೇ ಸಸ್ಯಕುಟುಂಬ. ಶಿವನ ತಲೆಯ ಮೇಲಿನ ಎಲೆಯೂ ಸಾರಿನ ಒಗ್ಗರಣೆಯ ಎಲೆಯೂ ಅಕ್ಕಪಕ್ಕದ ಮನೆಯವೆಂದು ಬಿಸಿಲು ತೋರಿಸಿಕೊಡುತ್ತದೆ. ತುಳಸಿಯದು ಬೇರೆ ದಾರಿ. ಅದು ಎಲೆಯ ಮೇಲ್ಮೈಯಲ್ಲೇ ಸೂಕ್ಷ್ಮ ರೋಮಗಳ ತುದಿಯಲ್ಲಿ ಎಣ್ಣೆ ಹೊತ್ತು ನಿಂತಿದೆ. ಹಾಗಾಗಿ ಸೆರಗು ಸೋಕಿದರೂ ಸಾಕು, ಕಟ್ಟೆಯ ಸುತ್ತ ಘಮ. ಶುಂಠಿ, ಅರಿಶಿನ, ಕಾಳುಮೆಣಸುಗಳು ಒಳಗಿನ ಕೋಶಗಳಲ್ಲಿ ಬಚ್ಚಿಟ್ಟಿರುತ್ತವೆ; ಅವನ್ನು ಜಜ್ಜಬೇಕು.

ಗಿಡ ಇಷ್ಟೆಲ್ಲ ಕಷ್ಟಪಡುವುದು ನಮಗಾಗಿ ಅಲ್ಲ. ಹುಳ, ಶಿಲೀಂಧ್ರ, ಮೇಯುವ ಬಾಯಿ, ಇವುಗಳಿಂದ ಓಡಿಹೋಗಲು ಕಾಲಿಲ್ಲದ ಜೀವ ಅದು. ಆದ್ದರಿಂದ ವಾಸನೆಯಲ್ಲೇ ಬೇಲಿ ಕಟ್ಟಿಕೊಳ್ಳುತ್ತದೆ, ವಾಸನೆಯಲ್ಲೇ ದುಂಬಿಯನ್ನು ಕರೆಯುತ್ತದೆ. ತಿಂಗಳುಗಟ್ಟಲೆ ಮಳೆ ಹಿಡಿದು, ಕಲ್ಲಿಗೂ ಪಾಚಿ ಹತ್ತುವ ಹೊಸನಗರ, ತೀರ್ಥಹಳ್ಳಿ, ಆಗುಂಬೆಯ ಕಾಡುಗಳಲ್ಲಿ ಆ ಬೇಲಿ ಎಷ್ಟು ಗಟ್ಟಿ ಬೇಕೋ ಊಹಿಸಿ.

ಮನೆಯ ಹಿಂದಿನ ದಾಲ್ಚಿನ್ನಿ ಮರವನ್ನೇ ತೆಗೆದುಕೊಳ್ಳೋಣ. ತೊಗಟೆಯಿಂದ ಬಟ್ಟಿ ಇಳಿಸಿದರೆ ಸಿನಮಾಲ್ಡಿಹೈಡ್, ಅಂದರೆ ಚಕ್ಕೆಯ ಸಿಹಿಖಾರದ ಘಮ. ಅದೇ ಮರದ ಎಲೆಯಿಂದ ಇಳಿಸಿದರೆ ಯೂಜಿನಾಲ್, ಅಂದರೆ ಲವಂಗದ ಘಮ. ಬೇರಿನ ತೊಗಟೆಗೆ ಹೋದರೆ ಕರ್ಪೂರ! ಒಂದೇ ಬೀಜ, ಒಂದೇ ಕಾಂಡ, ಒಂದೇ ಮಣ್ಣು, ಮೂರು ಬೇರೆ ಬೇರೆ ತೈಲಗಳು. ಇದನ್ನು ಮೊದಲು ತಿಳಿದಾಗ ನಾನು ಎದ್ದು ಹೋಗಿ ಮರವನ್ನು ಮುಟ್ಟಿ ಬಂದಿದ್ದೆ.

ತಂಬುಳಿಗೆ ಹಾಕುವ ದೊಡ್ಡಪತ್ರೆಯನ್ನು ಮೂಸಿದಾಗ ಓಮದ ನೆನಪಾಗುವುದು ಭ್ರಮೆಯಲ್ಲ. ಓಮದ ಥೈಮಾಲ್, ದೊಡ್ಡಪತ್ರೆಯ ಕಾರ್ವಕ್ರಾಲ್, ಇವೆರಡರಲ್ಲೂ ಒಂದೇ ಸಂಖ್ಯೆಯ ಪರಮಾಣುಗಳು. ಒಂದು ತುಣುಕು ಕೂತ ಜಾಗವಷ್ಟೇ ಬೇರೆ. ಇನ್ನೂ ಮುಂದೆ ಹೋಗಿ: ಪುದೀನದ ಒಂದು ಜಾತಿ ಮತ್ತು ಸಬ್ಬಸಿಗೆಯ ಬೀಜ. ಎರಡರ ಮುಖ್ಯ ವಾಸನೆಯೂ ಕಾರ್ವೋನ್ ಎಂಬ ಒಂದೇ ವಸ್ತುವಿನದು. ಎಡಗೈ-ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿ ಬಿಂಬ, ಅಷ್ಟೇ. ಆದರೆ ನಮ್ಮ ಮೂಗು ಒಂದನ್ನು ಪುದೀನ ಎನ್ನುತ್ತದೆ, ಇನ್ನೊಂದನ್ನು ಸಬ್ಬಸಿಗೆ! ಮೂಗಿನೊಳಗೆ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವುಗಳ ಜೀನ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆಹಚ್ಚಿದರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಅಣುವಿನ ಎಡ-ಬಲವನ್ನು ಗುರುತಿಸುವ ಯಂತ್ರವನ್ನು ಮುಖದ ನಡುವೆ ಇಟ್ಟುಕೊಂಡು ತಿರುಗುತ್ತಿದ್ದೇವೆ ನಾವು.

ಕಾಳುಮೆಣಸಿನದು ಇನ್ನೊಂದು ಸೋಜಿಗ. ಅದರ ಖಾರ ಪೈಪರಿನ್‌ನದು, ಘಮ ತೈಲದ್ದು. ಬಟ್ಟಿ ಇಳಿಸಿದರೆ ಹಬೆಯ ಜೊತೆ ಘಮ ಮಾತ್ರ ಹೊರಟುಬರುತ್ತದೆ, ಖಾರ ಪಾತ್ರೆಯಲ್ಲೇ ಉಳಿಯುತ್ತದೆ. ಮೆಣಸಿನೆಣ್ಣೆಗೆ ಮೆಣಸಿನ ಖಾರವಿಲ್ಲ! ಈ ಕಾಳಿಗಾಗಿ ಹಡಗುಗಳು ಸಮುದ್ರ ದಾಟಿದವು; 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಘಟ್ಟ ಹತ್ತಿ ಸಾಗರದ ಬಳಿಯ ಇಕ್ಕೇರಿಗೆ ಬಂದ. ಸುಗಂಧದ ಶಾಸ್ತ್ರವಾದರೋ ಕನ್ನಡ ನೆಲದಲ್ಲಿ ಅದಕ್ಕೂ ಹಳೆಯದು: ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಸ್ನಾನಕ್ಕೆ, ಲೇಪನಕ್ಕೆ, ಧೂಪಕ್ಕೆ ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದ.

ಆದರೆ ಈ ನಾಡಿನ ತೈಲಗಳ ದೊರೆ ಶ್ರೀಗಂಧ. ಅದರ ಬಳಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ಗಂಧ ಕೆತ್ತುವ ಸಾಗರದ ಗುಡಿಗಾರರ ಮನೆಗಳಲ್ಲಿ ಉಳಿ ನಡೆದಂತೆಲ್ಲ ಏಳುವ ಘಮವನ್ನು ಬಲ್ಲವರಿಗೆ ಕಾಡಿನಲ್ಲಿ ನಿಂತ ಗಂಧದ ಮರ ನಂಬಲಾಗದಷ್ಟು ಸಾಧಾರಣವಾಗಿ ಕಾಣುತ್ತದೆ. ಎಲೆ ಹಿಸುಕಿ, ಪರಿಮಳವಿಲ್ಲ. ಎಳೆಯ ಮರ ಕಡಿದರೂ ಬಿಳಿ ಕಟ್ಟಿಗೆ, ಪರಿಮಳವಿಲ್ಲ. ಹತ್ತಾರು ವರ್ಷ ಕಳೆದ ಮೇಲೆ ಕಾಂಡದ ಒಳಗೆ ಕೆಚ್ಚು ಕಟ್ಟಲು ತೊಡಗುತ್ತದೆ. ತೈಲ ಇರುವುದು ಆ ಕೆಚ್ಚಿನಲ್ಲಿ, ಎಲ್ಲಕ್ಕಿಂತ ಹೆಚ್ಚು ಬೇರಿನಲ್ಲಿ. ಆ ಬೇರಾದರೂ ಎಂಥದ್ದು! ಗಂಧದ ಮರ ಅರೆಪರಾವಲಂಬಿ. ನೆಲದೊಳಗೆ ತನ್ನ ಬೇರಿನಿಂದ ಪಕ್ಕದ ಗಿಡಮರಗಳ ಬೇರಿಗೆ ಕೊಂಡಿ ಹಾಕಿ ನೀರು, ಲವಣ ಹೀರುತ್ತದೆ. ಅಂದರೆ ಸಾಣೆಕಲ್ಲಿನ ಮೇಲೆ ತೇಯ್ದ ಒಂದು ಬೊಟ್ಟು ಗಂಧದಲ್ಲಿ ಸುತ್ತಲಿನ ಕಾಡಿನ ಋಣವೂ ಸೇರಿದೆ.

1792ರಲ್ಲಿ ಟಿಪ್ಪು ಸುಲ್ತಾನ್ ಇದನ್ನು ರಾಜವೃಕ್ಷವೆಂದು ಸಾರಿದ. ಆಮೇಲೂ ಬಹುಕಾಲ ಮೈಸೂರಿನ ಗಂಧ ಕೊರಡಾಗಿಯೇ ಹಡಗು ಹತ್ತುತ್ತಿತ್ತು. ಎಣ್ಣೆ ತೆಗೆಯುತ್ತಿದ್ದದ್ದು ಜರ್ಮನಿಯಂಥ ದೂರದ ದೇಶಗಳಲ್ಲಿ. 1914ರ ಮಹಾಯುದ್ಧ ಆ ದಾರಿ ಮುಚ್ಚಿತು. ಕೊರಡುಗಳು ರಾಶಿ ಬಿದ್ದವು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಆಲ್‌ಫ್ರೆಡ್ ಚಾಟರ್‌ಟನ್ನರ ಮುತುವರ್ಜಿಯಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರ ನೆರವಿನಿಂದ 1916ರಲ್ಲಿ ಇಲ್ಲೇ ಬಟ್ಟಿ ಇಳಿಸುವ ಕೆಲಸ ಶುರುವಾಯಿತು. 1918ಕ್ಕೆ ಸಾಬೂನು; ಅದರ ಹಿಂದೆ ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ವಿದ್ಯೆ. 1944ರಲ್ಲಿ ನಮ್ಮ ಶಿವಮೊಗ್ಗದಲ್ಲೇ ಇನ್ನೊಂದು ಗಂಧದೆಣ್ಣೆ ಕಾರ್ಖಾನೆ ತಲೆ ಎತ್ತಿತು. ಗಂಧದ ಪುಡಿಯಿಂದ ತೈಲ ಪೂರ್ತಿ ಬಿಟ್ಟುಬರಲು ಹಬೆ ಹಗಲು ರಾತ್ರಿ ಎರಡು ದಿನಕ್ಕೂ ಹೆಚ್ಚು ಹಾಯುತ್ತಲೇ ಇರಬೇಕು. ಒಳ್ಳೆಯ ಕೆಚ್ಚಾದರೆ 100 ಕಿಲೋಗೆ ನಾಲ್ಕೈದು ಕಿಲೋ ಎಣ್ಣೆ. 2001ರಲ್ಲಿ ಕಾನೂನು ಬದಲಾಗಿ, ಬೆಳೆದವನೇ ಗಂಧದ ಮರದ ಒಡೆಯನಾದ. ಇಂದು ಸಾಗರ ಸೀಮೆಯಲ್ಲೂ ಅಡಿಕೆಯ ಅಂಚಿನಲ್ಲಿ ಗಂಧದ ಸಸಿ ಇಡುವವರಿದ್ದಾರೆ.

ಗುಲಾಬಿಯ ಲೆಕ್ಕ ಕೇಳಿದರೆ ಇದು ಧಾರಾಳವೇ. ಒಂದು ಕಿಲೋ ಗುಲಾಬಿ ತೈಲಕ್ಕೆ ಸುಮಾರು ನಾಲ್ಕು ಟನ್ ಎಸಳು ಬೇಕು. ಮಜ್ಜಿಗೆ ಹುಲ್ಲು ಹಸಿಯಾಗಿ 100 ಕಿಲೋ ಹಾಕಿದರೆ ಅರ್ಧ ಕಿಲೋದಷ್ಟೂ ಬಂದರೆ ಹೆಚ್ಚು. ಆದರೆ ಆ ತೈಲದ ಮುಕ್ಕಾಲು ಪಾಲು ಸಿಟ್ರಾಲ್. ಅದರಿಂದ ಎ ಜೀವಸತ್ವವನ್ನೂ ವಯೊಲೆಟ್ ಹೂವಿನ ಪರಿಮಳವನ್ನೂ ಕಟ್ಟುತ್ತಾರೆ. ಜ್ವರ ಬಂದಾಗ ಕಷಾಯಕ್ಕೆ ಕಿತ್ತು ತರುವ ಹುಲ್ಲು ಅದು!

ಶೀಷೆಯೊಂದು ಮನೆಗೆ ಬಂದರೆ ಏನು ಮಾಡುವುದು? ಮೊದಲು ಒಂದು ಪರೀಕ್ಷೆ: ಬಿಳಿ ಕಾಗದದ ಮೇಲೆ ಒಂದು ಹನಿ ಸುಗಂಧ ತೈಲ, ಪಕ್ಕದಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ. ಕೊಬ್ಬರಿ ಎಣ್ಣೆಯ ಕಲೆ ಉಳಿಯುತ್ತದೆ. ಮಜ್ಜಿಗೆ ಹುಲ್ಲಿನಂಥ ಹಗುರ ತೈಲ ಗಂಟೆಗಳಲ್ಲಿ ಹಾರಿಹೋಗುತ್ತದೆ. ಜಿಡ್ಡು ಉಳಿದರೆ ಅಗ್ಗದ ಎಣ್ಣೆ ಬೆರೆಸಿದ್ದಾರೆಂದು ಅನುಮಾನಿಸಬಹುದು. ಶೀಷೆಯ ಮೇಲೆ ಗಿಡದ ಸಸ್ಯಶಾಸ್ತ್ರೀಯ ಹೆಸರು ಇಲ್ಲದಿದ್ದರೆ, ಗುಲಾಬಿಗೂ ನಿಂಬೆಗೂ ಒಂದೇ ದರ ಇದ್ದರೆ ಆ ಅಂಗಡಿಯಿಂದ ಹಾಗೇ ಹಿಂದಿರುಗಿ.

ನೆಲ ಒರೆಸುವ ನೀರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಕೆಲವು ಹನಿ, ಮಳೆಗಾಲದ ಮುಗ್ಗಲು ವಾಸನೆಗೆ ಅದಕ್ಕಿಂತ ಹಿತವಾದದ್ದು ನಾನು ಕಂಡಿಲ್ಲ. ಕಪಾಟಿನ ಸೀರೆಗಳ ನಡುವೆ ಲಾವಂಚದ ಬೇರು. ಬಿಸಿನೀರಿನ ಪಾತ್ರೆಯಲ್ಲಿ ಒಂದೇ ಹನಿ ನೀಲಗಿರಿ ತೈಲ, ಕಟ್ಟಿದ ಮೂಗಿಗೆ. ಹಲ್ಲಿನ ವೈದ್ಯರು ಇಂದಿಗೂ ಸತುವಿನ ಆಕ್ಸೈಡ್ ಜೊತೆ ಕಲಸುವ ಯೂಜಿನಾಲ್ ಲವಂಗದ್ದೇ ಸರಕು. ಊಟದ ನಂತರದ ಕವಳದ ಎಲೆಯಲ್ಲೂ ಅದರ ಹತ್ತಿರದ ನೆಂಟರಿದ್ದಾರೆ. ಮೈಗೆ ಹಚ್ಚುವುದಾದರೆ ಮಾತ್ರ ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿಯೇ ಹಚ್ಚಬೇಕು: 30 ಮಿಲಿಲೀಟರಿಗೆ ಸುಮಾರು 12 ಹನಿ, ಅಂದರೆ ನೂರಕ್ಕೆ ಎರಡು ಪಾಲು. ಇಷ್ಟೊಂದು ಗಿಡವನ್ನು ಒಂದು ಹನಿಗೆ ಇಳಿಸಿದ್ದಾರೆಂದ ಮೇಲೆ ಆ ಹನಿಗೆ ಸುಡುವ ಶಕ್ತಿಯೂ ಇದೆ. ಕುಡಿಯಬಾರದು. ಕರ್ಪೂರ, ನೀಲಗಿರಿ ತೈಲಗಳು ಮಕ್ಕಳ ಹೊಟ್ಟೆ ಸೇರಿದರೆ ಸೆಳವು ಬರಬಹುದು. ಎಳೆಗೂಸಿನ ಮೂಗಿನ ಹತ್ತಿರ ಅವನ್ನು ತರಲೇಬಾರದು. ನಿಂಬೆಜಾತಿಯ ಸಿಪ್ಪೆಯನ್ನು ಹಿಂಡಿ ತೆಗೆದ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗಬಹುದು. ಬೆಕ್ಕಿನ ಯಕೃತ್ತಿಗೆ ಇವನ್ನು ಅರಗಿಸುವ ಶಕ್ತಿ ಕಡಿಮೆ.

ಇನ್ನೊಂದು ಮಾತು, ನಮ್ಮ ಸೀಮೆಗೆ ಮೀಸಲಾದದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಉಣ್ಣೆಗಳ ಮೂಲಕ ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನು ಕಾಡುತ್ತಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಇದರಿಂದ ಪಟ್ಟ ಪಾಡು ಯಾರಿಗೂ ಮರೆತಿಲ್ಲ. ಸೊಪ್ಪಿಗೆ, ದರಗಿಗೆ ಬೆಟ್ಟ ಹತ್ತುವವರು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನೇ ಹಚ್ಚಿಕೊಳ್ಳಬೇಕು. ಅದು ಕಚ್ಚುವ ಹುಳುಗಳನ್ನು ದೂರವಿಡಲೆಂದೇ ಪ್ರಯೋಗಾಲಯದಲ್ಲಿ ಕಟ್ಟಿದ ವಸ್ತು. ಮಜ್ಜಿಗೆ ಹುಲ್ಲಿನ ಎಣ್ಣೆ ಎಷ್ಟೇ ಪ್ರೀತಿಯದಾದರೂ ಬೇಗ ಹಾರಿಹೋಗುತ್ತದೆ, ಆ ಕೆಲಸಕ್ಕೆ ಸಾಲದು.

ಬಟ್ಟಿ ಇಳಿಯುವುದನ್ನು ಕಣ್ಣಾರೆ ಕಾಣಬೇಕೆ? ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ಹುಲ್ಲು ಕತ್ತರಿಸಿ ಹಾಕಿ, ಮುಳುಗುವಷ್ಟು ನೀರು ಹೊಯ್ಯಿರಿ. ನಡುವೆ ಒಂದು ಕಲ್ಲಿಟ್ಟು ಅದರ ಮೇಲೆ ಖಾಲಿ ಬಟ್ಟಲು ಇಡಿ. ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ, ಅದರ ಮೇಲೆ ತಣ್ಣೀರು ನಿಲ್ಲಿಸಿ. ಸಣ್ಣ ಉರಿ. ಹಬೆ ಏರುತ್ತದೆ, ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ, ನಡುವಿನ ತಗ್ಗಿಗೆ ಜಾರಿ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಕನೌಜಿನ ಅತ್ತರಿನವರು ತಾಮ್ರದ ಹಂಡೆ, ಬಿದಿರಿನ ಕೊಳವೆಗಳಲ್ಲಿ ಮಾಡುವುದೂ ಇದೇ. ಬಟ್ಟಲಿನಲ್ಲಿ ಸೇರಿದ ಪರಿಮಳದ ನೀರನ್ನು ಬೆಳಕಿಗೆ ವಾಲಿಸಿ ನೋಡಿ, ಮೇಲೆ ಕಾಮನಬಿಲ್ಲಿನ ತೆಳು ಪೊರೆಯೊಂದು ತೇಲುತ್ತಿರುತ್ತದೆ. ಅದೇ ಎಣ್ಣೆ! ಮಕ್ಕಳಿದ್ದರೆ ಊದಿದ ಬಲೂನಿನ ಮೇಲೆ ಕಿತ್ತಳೆ ಸಿಪ್ಪೆ ಹಿಂಡಿಸಿ. ಲಿಮೊನೀನ್ ರಬ್ಬರನ್ನು ಕರಗಿಸಿ ಬಲೂನು ಢಮ್ಮೆನ್ನುತ್ತದೆ. ಸುಗಂಧ ತೈಲವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡದೆ ಗಾಜಿನಲ್ಲೇ ಏಕಿಡಬೇಕೆಂದು ಅವರು ಎಂದೂ ಮರೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಈ ಸೀಮೆಯ ಅತಿ ದೊಡ್ಡ ಬೆರಗು ಉಳಿದೇ ಇದೆ. ಅದಕ್ಕೆ ಬಟ್ಟಿಯೂ ಬೇಡ, ಶೀಷೆಯೂ ಬೇಡ. ಉಪ್ಪಿನಕಾಯಿಗೆ ಹಾಕುವ ಎಳೆ ಮಾವು, ಅಪ್ಪೆಮಿಡಿಯ ಸೊನೆ!

ಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಆ ಸೊನೆಯನ್ನು ನಿಲ್ಲಲು ಬಿಟ್ಟರೆ ಎರಡು ಪದರವಾಗುತ್ತದೆ: ಕೆಳಗೆ ಹಾಲಿನಂಥ ನೀರು, ಮೇಲೆ ತಿಳಿಯಾದ ಎಣ್ಣೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಬೇರೆ ಬೇರೆ ಮಾವಿನ ತಳಿಗಳ ಸೊನೆಯನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಮಿರ್ಸೀನ್, ಓಸಿಮೀನ್, ಲಿಮೊನೀನ್‌ಗಳಂಥ ವಸ್ತುಗಳನ್ನು. ಅಂದರೆ ಮಾವಿನ ಮರ ಹಬೆಯ ಹಂಗಿಲ್ಲದೆ, ತನ್ನ ನಾಳಗಳಲ್ಲೇ, ಸುಗಂಧ ತೈಲವನ್ನು ಸಿದ್ಧವಾಗಿ ತುಂಬಿಟ್ಟಿದೆ. ಕೆನ್ನೆಗೆ ತಾಗಿದರೆ ಸುಡುವ ಆ ಸೊನೆಯನ್ನೇ ಉಪ್ಪಿನಕಾಯಿಯ ಜೀವವೆಂದು ನಮ್ಮ ಹೆಂಗಸರು ಅರಿತಿದ್ದರು. ಮಿಡಿಯನ್ನು ತೊಟ್ಟು ಬಿಟ್ಟು ಕೊಯ್ಯುವುದು, ಕೆಳಗೆ ಬೀಳದಂತೆ ಇಳಿಸುವುದು, ಬೇಗ ಉಪ್ಪಿಗೆ ಹಾಕುವುದು, ಎಲ್ಲವೂ ಆ ಹನಿ ಹಾರಿಹೋಗದಿರಲೆಂದು. ಜಾಡಿಯ ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವ ಕಂಪು ಅದು.

ಒರಟೆಯಿಂದ ಎದ್ದ ಮಾವು ತಾಯಿಮರದಂತೆಯೇ ಇರುವುದಿಲ್ಲ. ಹಾಗಾಗಿ ಹೊಳೆದಂಡೆಯ, ಬೆಟ್ಟದ ಅಂಚಿನ ಒಂದೊಂದು ಅಪ್ಪೆಮರದ ಸೊನೆಗೂ ಅದರದೇ ಮಿಶ್ರಣ. ಒಂದಕ್ಕೆ ಜೀರಿಗೆಯ ಘಮ, ಒಂದಕ್ಕೆ ಕರ್ಪೂರದ್ದು. ಒಂದಕ್ಕೆ ಮಾಳಂಜಿ ಎಂದು ಹೆಸರು, ಇನ್ನೊಂದಕ್ಕೆ ಅನಂತಭಟ್ಟನ ಅಪ್ಪೆ ಎಂದು. ಮರವನ್ನು ಹಾಗೆಯೇ ಉಳಿಸಿಕೊಳ್ಳಲು ಇರುವುದು ಕಸಿ ಒಂದೇ. ಅದಕ್ಕಾಗಿ ಹಳೆಯ ಮರಗಳನ್ನು ಹುಡುಕಿ ಕಡ್ಡಿ ತಂದು ಕಟ್ಟುವವರು ಸಾಗರ, ಹೊಸನಗರಗಳ ಹಳ್ಳಿಗಳಲ್ಲಿದ್ದಾರೆ. ಶಿವರಾತ್ರಿ ಕಳೆದು ಮಿಡಿಯ ಕಾಲ ಬಂದಾಗ ಸಾಗರದ ಪೇಟೆಗೆ ಹೋಗಿ ನಿಲ್ಲಿ. ಕೊಳ್ಳಲು ಬಂದವರು ಬುಟ್ಟಿಯಿಂದ ಒಂದು ಮಿಡಿ ಎತ್ತುತ್ತಾರೆ, ತೊಟ್ಟು ಮುರಿಯುತ್ತಾರೆ, ಸೊನೆಯನ್ನು ಮೂಗಿನ ಹತ್ತಿರ ಹಿಡಿಯುತ್ತಾರೆ. ‘ಇದು ಜೀರಿಗೆಯದಲ್ಲ’ ಎಂದು ಬುಟ್ಟಿಗೆ ಹಿಂದಕ್ಕೆ ಹಾಕಿ ಮುಂದಿನ ಬುಟ್ಟಿಗೆ ಹೋಗುತ್ತಾರೆ. ಪ್ರಯೋಗಾಲಯದ ಯಂತ್ರಕ್ಕೆ ಗಂಟೆ ಹಿಡಿಯುವ ವಿಂಗಡಣೆ ಅಲ್ಲಿ ಒಂದು ಉಸಿರಿನಲ್ಲಿ ಮುಗಿಯುತ್ತದೆ.